ಇಳಿ ಕಿವಿಗೆ ಕೇಳಿಸುತ್ತಾ?

ಬರೆಯುವಾಗ ದೀರ್ಘ ಬಿಟ್ಟುಬಿಡುವ ತೊಂದರೆಯಿಂದ ವರ್ಷಕ್ಕೆ ನಾಲ್ಕೈದು ಮಕ್ಕಳಾದರೂ ನನ್ನ ಹತ್ತಿರ ಬರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಹುಡುಗನಿಗೆ 7 ವರ್ಷ, 2ನೇ ತರಗತಿ. ಮಾತು ಚುರುಕು. ಕಾಗುಣಿತ ಬಾಯಿಪಾಠ, 'ಕ ತಲಕಟ್ಟು ಕ, ಕ ಇಳಿ ಕಾ' ಅಂತ ತಡವರಿಸದೆ ಒಪ್ಪಿಸುತ್ತಾನೆ. ಉಕ್ತಲೇಖನ ಕೊಟ್ಟರೆ ಮಾತ್ರ 'ಕಾಡು' ಹೋಗಿ 'ಕಡು' ಆಗುತ್ತದೆ, 'ಬಾಳೆ' ಹೋಗಿ 'ಬಳೆ' ಆಗುತ್ತದೆ. ಮನೆಯಲ್ಲಿ ಒಂದೊಂದು ತಪ್ಪಿಗೂ 20 ಸಲ ಬರೆಸುತ್ತಿದ್ದರು. "ಇವನಿಗೆ ಡಿಸ್ಲೆಕ್ಸಿಯಾ ಇರಬೇಕು ಮೇಡಂ" ಎಂದರು ಅಪ್ಪ. ಓದು, ಬರಹ ಕಲಿಯಲು ಕಷ್ಟವಾಗುವ ತೊಡಕಿಗೆ ಆ ಹೆಸರು. ಅಮ್ಮ ಸುಮ್ನೆ ಕೂತಿದ್ದರು.

ಮೊದಲು ಕಿವಿ ಪರೀಕ್ಷೆ ಮಾಡಿಸಿ ಎಂದೆ. ಇದನ್ನು ನಾನು ಯಾವತ್ತೂ ಬಿಡುವುದಿಲ್ಲ. ನೆಗಡಿ, ಕಿವಿ ಸೋರುವುದು ಇದ್ದ ಮಗುವಿಗೆ ಅರ್ಧಂಬರ್ಧ ಕೇಳಿಸುತ್ತಿರಬಹುದು, ಅದು ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಇವನ ಕಿವಿ ಚೆನ್ನಾಗಿತ್ತು.

ಎರಡನೇ ಸಲ ಬಂದಾಗ 'ಕಾರು' ಬರಿ ಎಂದೆ. 'ಕರು' ಬರೆದ. ಓದು ಎಂದರೆ ಖುಷಿಯಿಂದ "ಕಾರು" ಎಂದು ಓದಿದ. "ಇಳಿ ಎಲ್ಲಿ ಪುಟ್ಟ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಹಾಳೆ ನೋಡಿ ಹೇಳಿದ, "ಇಳಿ ಕಿವಿಗೆ ಕೇಳಿಸಲ್ಲ ಅಲ್ವಾ ಮೇಡಂ? ಅದು ಬರೆಯೋದು."

ಆ ರಾತ್ರಿಯೂ ನನ್ನ ತಲೆಯಲ್ಲಿ ಅದೇ ಮಾತು. ಅವನು ಹೇಳಿದ್ದರಲ್ಲಿ ತಪ್ಪೇನಿದೆ? ತಲಕಟ್ಟು, ಇಳಿ, ಗುಡಿಸು, ಕೊಂಬು, ಎಲ್ಲಾ ಗೆರೆಗಳ ಹೆಸರು. ನಾವು ಗೆರೆ ಕಲಿಸಿದ್ದೇವೆ, ದನಿ ಕಲಿಸಿಲ್ಲ.

ಅವತ್ತು ಅವನು ಹಾಗೆಂದ ಕೂಡಲೇ ಅವನನ್ನೇ ಕೇಳಿದೆ, "ಅಮ್ಮ ಮಹಡಿಯಿಂದ ನಿನ್ನನ್ನ ಹೇಗೆ ಕರೀತಾರೆ?" "ಪುಟ್ಟಾಆಆ" ಎಂದು ಕೂಗಿದ. ದನಿ ಓಡುವಷ್ಟು ದೂರ ಮೇಜಿನ ಮೇಲೆ ಬೆರಳು ಓಡಿಸು ಎಂದೆ. ಬೆರಳು ಮೇಜಿನ ಅಂಚು ಮುಟ್ಟಿತು. ಆಮೇಲೆ ಅಮ್ಮನ ಕೈಯಿಂದ ಒಂದು ಬಳೆ ತೆಗೆಸಿ ಇಟ್ಟೆ, ಪಕ್ಕದಲ್ಲಿ ನನ್ನ ಊಟದ ಡಬ್ಬಿಯ ಬಾಳೆಹಣ್ಣು. ತುಟಿ ಕಾಣದ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದು ನಾನು ಬರೀ 'ಬಳೆ' ಅಥವಾ 'ಬಾಳೆ' ಎನ್ನುವುದು, ಅವನು ಬೆರಳು ಓಡಿಸಿ ಎತ್ತಿಕೊಳ್ಳುವುದು. ಮೊದಲ ನಾಲ್ಕರಲ್ಲಿ ಎರಡು ತಪ್ಪಿತು. ಆಮೇಲೆ ತಪ್ಪಲಿಲ್ಲ. ಅಮ್ಮನ ಕಿವಿ ತೋರಿಸಿ 'ಓಲೆ' ಎಂದೆ, "ಒಲೆ ಅಡುಗೆಮನೇಲಿದೆ" ಎಂದು ತಾನೇ ಹೇಳಿ ನಕ್ಕ!

ನಾನು ಕೊಟ್ಟ ಸಲಹೆ ಇಷ್ಟು. ಮೂರು ವಾರ ಮನೆಯಲ್ಲಿ ತಪ್ಪು ತಿದ್ದಿ ಬರೆಸುವುದು ಪೂರ್ತಿ ಬಂದ್. ದಿನಾ ಹತ್ತು ನಿಮಿಷ ಅಡುಗೆಮನೆಯಲ್ಲಿ ಕಿವಿಯ ಆಟ: ಅಕ್ಕಿ, ಆಲೂಗಡ್ಡೆ, ಇಡ್ಲಿ, ಈರುಳ್ಳಿ, ಉಪ್ಪು, ಊಟ, ಎಣ್ಣೆ, ಏಲಕ್ಕಿ, ಒಗ್ಗರಣೆ, ಓಂಕಾಳು. ಮೊದಲ ದನಿ ಗಿಡ್ಡವೋ ಉದ್ದವೋ, ಬೆರಳು ಹೇಳಲಿ. ಪೆನ್ಸಿಲ್ ಆಮೇಲೆ.

ಅಪ್ಪನಿಗೆ ಇದು ಹಿಡಿಸಲಿಲ್ಲ. ಟೀಚರ್ ಕೂಡ ಫೋನ್ ಮಾಡಿ, ಮಗು ಹಿಂದೆ ಬೀಳುತ್ತದೆ ಎಂದರು. ನಾನು ಕಾಗುಣಿತದ ವಿರೋಧಿ ಅಲ್ಲ, ಅದನ್ನು ಹಾಡಿಕೊಂಡೇ ನಾನೂ ಕಲಿತದ್ದು. ಆದರೆ ಕನ್ನಡದಲ್ಲಿ ಸ್ವರ ಎಳೆದರೆ ಅರ್ಥವೇ ಬೇರೆ, ಕರು ಹಾಲು ಕುಡಿಯುತ್ತದೆ, ಕಾರು ಪೆಟ್ರೋಲ್ ಕುಡಿಯುತ್ತದೆ. ಆ ಎಳೆತ ಕಿವಿಗೆ ಬೀಳದ ಮಗು 20 ಸಲ ನೋಡಿಕೊಂಡು ಬರೆದರೆ ಕೈ ನೋಯುತ್ತದೆ ಅಷ್ಟೇ. ಡಿಸ್ಲೆಕ್ಸಿಯಾ ಇಲ್ಲವೇ ಇಲ್ಲ ಎಂದೂ ನಾನು ಹೇಳಲಿಲ್ಲ. ದನಿ ಕಲಿಸಿ ನೋಡೋಣ, ಆಮೇಲೂ ತೊಡಕು ಉಳಿದರೆ ಪರೀಕ್ಷೆ ಮಾಡಿಸೋಣ ಎಂದೆ. ಕಲಿಸದೇ ಇದ್ದದ್ದಕ್ಕೆ ಮಗುವಿಗೆ ಡಿಸ್ಲೆಕ್ಸಿಯಾ ಎಂದು ಹೆಸರಿಡುವುದು ನನ್ನಿಂದಾಗದು.

ಹೋದ ವಾರ ಅಮ್ಮ ಬಂದಿದ್ದರು. ಈಗಲೂ 'ಹೂ' ಬರೆಯುವಾಗ 'ಹು' ಬರೆಯುತ್ತಾನಂತೆ. ಆದರೆ ಬರೆದು ನಿಲ್ಲಿಸಿ, ಮೆಲ್ಲಗೆ "ಹೂಊ" ಅಂದುಕೊಂಡು, ಬೆರಳು ಓಡಿಸಿ, ದೀರ್ಘ ತಾನೇ ಎಳೆಯುತ್ತಾನಂತೆ. "ನಡುವೆ ಹೇಳಿಕೊಡಲಾ ಮೇಡಂ?" ಎಂದು ಕೇಳಿದರು. ಬೇಡ, ಕಾಯಿರಿ ಎಂದೆ.