ಮನೆಯ ಗಾಳಿಯಂತ್ರಕ್ಕೆ 12 ಮೀಟರ್ ಗೋಪುರವನ್ನು ನಾನೇ ಮಾಡಿಕೊಳ್ಳಬೇಕೆಂದಿದ್ದೇನೆ, ಯಾವ ಪೈಪು ಹಾಕಲಿ?

ವೆಲ್ಡಿಂಗ್ ಬರುತ್ತದೆ, ಗ್ರೈಂಡರ್ ಇದೆ, ಶೆಡ್ಡಿನಲ್ಲಿ ಜಾಗ ಇದೆ, ಪೈಪಿನ ಅಳತೆ ಒಂದು ಗೊತ್ತಾದರೆ ಕೆಲಸ ಶುರು ಎಂದು ಬರೆದಿದ್ದೀರಿ. ಓದುತ್ತಾ ನನ್ನ ಹಳೆಯ ನೋಟ್‌ಬುಕ್ಕೇ ಕಣ್ಣ ಮುಂದೆ ಬಂತು. ಹದಿನೈದು ಪುಟ ಬರೀ ಪೈಪಿನ ಲೆಕ್ಕ. ಎಷ್ಟು ಬಾಗುತ್ತದೆ, ಎಷ್ಟು ತೂಗುತ್ತದೆ, ಎಲ್ಲಿ ಜೋಡಿಸಬೇಕು ಎಲ್ಲ ಇತ್ತು. ಅದನ್ನು ನಿಲ್ಲಿಸುವ ನೆಲದ ಬಗ್ಗೆ ಒಂದು ಸಾಲೂ ಇರಲಿಲ್ಲ. ನನ್ನ ಗೋಪುರ ಬಿತ್ತು, ಮತ್ತು ಬಿದ್ದದ್ದು ಪೈಪಿನ ದೋಷದಿಂದಲ್ಲ.

ನಾನು ಹಾಕಿದ್ದು ಮೂರಿಂಚಿನ ಪೈಪು, ಸುಮಾರು ಐದೂವರೆ ಮಿಲಿಮೀಟರ್ ದಪ್ಪದ್ದು. ಮೀಟರಿಗೆ 11 ಕಿಲೋ ಚಿಲ್ಲರೆ ತೂಗುತ್ತದೆ, 12 ಮೀಟರಿಗೆ 135 ಕಿಲೋ. ಆರು ಮೀಟರಿನ ಎರಡು ತುಂಡು, ನಡುವೆ ಎರಡರ ಒಳಗೂ ಕೂರುವ ಪೈಪಿನ ತುಂಡು (ಸ್ಲೀವ್) ಹಾಕಿ ಜೋಡಿಸಿದ್ದೆ. ಬರಿಯ ತುದಿಗೆ ತುದಿ ವೆಲ್ಡ್ ಮಾಡಬೇಡಿ, ಬಾಗುವ ಒತ್ತಡವೆಲ್ಲ ಆ ಒಂದೇ ಗೆರೆಯ ಮೇಲೆ ಬೀಳುತ್ತದೆ. (ಸತುವಿನ ಲೇಪ ಇರುವ ಪೈಪಾದರೆ ವೆಲ್ಡ್ ಮಾಡುವ ಜಾಗದಲ್ಲಿ ಲೇಪವನ್ನು ಉಜ್ಜಿ ತೆಗೆದು, ಬಯಲಿನಲ್ಲಿ ಕೂತು ಮಾಡಿ. ಆ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ನನಗೆ ಬಂದಿತ್ತು.) ಮಲಗಿಸಿದ ಕಂಬವನ್ನು ಎಳೆದು ನಿಲ್ಲಿಸಲು ಬುಡದಲ್ಲಿ ದಪ್ಪ ಪಿನ್ನಿನ ಹಿಂಜು. ಮೇಲೆ 2.4 ಮೀಟರ್ ವ್ಯಾಸದ ರೆಕ್ಕೆಚಕ್ರ, ಜನರೇಟರ್ ಸೇರಿ ಸುಮಾರು 40 ಕಿಲೋ. ನಾಲ್ಕು ದಿಕ್ಕಿಗೆ ಸ್ಟೇ ವೈರ್, ಬುಡದಿಂದ ಆರು ಮೀಟರ್ ದೂರದಲ್ಲಿ ನಾಲ್ಕು ಗೂಟ. ಪ್ರತಿ ಗೂಟಕ್ಕೂ ನೆಲದಡಿ 60 ಸೆಂಟಿಮೀಟರ್ ಘನದ ಕಾಂಕ್ರೀಟು, ಅಂದರೆ 500 ಕಿಲೋ ಮೇಲೆ. ಎಲ್ಲವೂ ಗಟ್ಟಿ, ಎಲ್ಲವೂ ಲೆಕ್ಕಕ್ಕಿಂತ ಹೆಚ್ಚು.

ಜಾಗ ಮಾತ್ರ ಸ್ವಲ್ಪ ಇಳಿಜಾರು. ಆರು ಮೀಟರಿಗೆ 40 ಸೆಂಟಿಮೀಟರ್. ನಿಂತು ನೋಡಿದರೆ ಗೊತ್ತೂ ಆಗುವುದಿಲ್ಲ. ಹಾಗಾಗಿ ಎಡಗಡೆಯ ಗೂಟ ಹಿಂಜಿಗಿಂತ 40 ಸೆಂಟಿಮೀಟರ್ ತಗ್ಗಿನಲ್ಲಿ, ಬಲಗಡೆಯದು 40 ಸೆಂಟಿಮೀಟರ್ ಎತ್ತರದಲ್ಲಿ ಬಂತು. ನಿಂತ ಮೇಲೆ ತಂತಿ ಬಿಗಿದುಕೊಂಡರಾಯಿತು, ಗೂಟ ಎಷ್ಟು ಎತ್ತರದಲ್ಲಿದ್ದರೇನು ಎಂದುಕೊಂಡಿದ್ದೆ.

ಎತ್ತುವ ದಿನ ನಾನು ಹಗ್ಗ ಸುತ್ತಿ ಎಳೆಯುವ ವಿಂಚಿನ ಹತ್ತಿರ, ತಮ್ಮ ಹಿಂದಿನ ಗೂಟದ ಆಚೆ, ಚಿಕ್ಕಪ್ಪ ದೂರದಲ್ಲಿ ನಿಂತು ಕಂಬ ನೇರ ಬರುತ್ತಿದೆಯೇ ನೋಡುತ್ತಿದ್ದರು. ಅಕ್ಕಪಕ್ಕದ ತಂತಿಗಳನ್ನು 20 ಸೆಂಟಿಮೀಟರ್ ಸಡಿಲ ಬಿಟ್ಟಿದ್ದೆವು. ಮಲಗಿದ ಕಂಬ ಮೊಣಕಾಲೆತ್ತರ, ಎದೆಯೆತ್ತರ, ಆಳೆತ್ತರ ಬಂತು. ಮೂರರಲ್ಲೊಂದು ಪಾಲಿನಷ್ಟು ಓರೆ ಎದ್ದಾಗ ಎಡಗಡೆಯ ತಂತಿ ಸಡಿಲ ಕಳೆದುಕೊಂಡು ನೆಟ್ಟಗಾಯಿತು. ಬಿಗಿಯಾಗಿದ್ದರೆ ಒಳ್ಳೆಯದೇ ಅಂದುಕೊಂಡೆ. ಇನ್ನೆರಡು ಸುತ್ತು ತಿರುಗಿಸಿದೆ. ತಂತಿ ತಂಬೂರಿಯ ಹಾಗೆ ಮಿಡಿಯತೊಡಗಿತು. ಚಿಕ್ಕಪ್ಪ "ಸಾಕು, ನಿಲ್ಲಿಸೋ, ಕಂಬ ವಾಲ್ತಾ ಇದೆ" ಎಂದು ಕೂಗಿದರು. ನಾನು ನಿಲ್ಲಿಸಲಿಲ್ಲ. ಅರ್ಧ ದಾರಿ ಬಂದದ್ದನ್ನು ಇಳಿಸುವುದಕ್ಕಿಂತ ಪೂರ್ತಿ ಎತ್ತುವುದೇ ಸುರಕ್ಷಿತ ಎಂದು ಆಗ ಅನ್ನಿಸಿತ್ತು. ಮತ್ತೊಂದು ಸುತ್ತಿಗೆ ಹಿಂಜಿನ ಕಿವಿ ಕಿತ್ತಿತು. ಕಂಬ ಎಡಕ್ಕೆ, ತಗ್ಗಿನ ಕಡೆಗೆ ಬಿತ್ತು. ಮೂರು ರೆಕ್ಕೆಯೂ ಚೂರು, ಜನರೇಟರಿನ ಶಾಫ್ಟು ಸೊಟ್ಟ. ಕಂಬ ಬೀಳಬಹುದಾದ ಸುತ್ತಳತೆಯೊಳಗೆ ಯಾರೂ ನಿಲ್ಲಕೂಡದು ಎಂದು ಚಿಕ್ಕಪ್ಪ ಬೆಳಿಗ್ಗೆಯೇ ಗೆರೆ ಎಳೆಸಿದ್ದರು. ನಾವು ಮೂವರೂ ಉಳಿದದ್ದು ಆ ಗೆರೆಯಿಂದ.

ಏನಾಯಿತೆಂದು ಇಲ್ಲಿ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಸಾವಧಾನವಾಗಿ ಓದಿ. ಪೈಪಿನ ಬಗ್ಗೆ ನೀವು ಎಲ್ಲಿ ಓದಿದರೂ ಇದು ಸಿಕ್ಕುವುದು ಕಷ್ಟ.

ಹಿಂಜಿನ ಮೇಲೆ ಏಳುವ ಕಂಬ ಬಾಗಿಲಿದ್ದ ಹಾಗೆ. ಬಾಗಿಲಿಗೆ ಮೇಲೊಂದು ಕೆಳಗೊಂದು ಹಿಂಜು ಇರುತ್ತದೆ. ಎರಡೂ ಒಂದೇ ಗೆರೆಯಲ್ಲಿಲ್ಲದಿದ್ದರೆ ಬಾಗಿಲು ಅರ್ಧದಲ್ಲಿ ಕಚ್ಚಿಕೊಳ್ಳುತ್ತದೆ. ಗೋಪುರದಲ್ಲಿ ಆ ಗೆರೆ ಹಿಂಜಿನ ಪಿನ್ನಿನ ಮಧ್ಯದಿಂದ ಎಡಕ್ಕೂ ಬಲಕ್ಕೂ ಮಟ್ಟಸವಾಗಿ ಹೋಗುತ್ತದೆ. ಪಕ್ಕದ ಎರಡು ಗೂಟಗಳಲ್ಲಿ ತಂತಿ ಕಟ್ಟುವ ಬಳೆಗಳೂ ಸರಿಯಾಗಿ ಆ ಗೆರೆಯ ಮೇಲೇ ಇರಬೇಕು. ಇದ್ದರೆ ಕಂಬ ಮಲಗಿದ್ದಾಗ, ಅರ್ಧ ಎದ್ದಾಗ, ನಿಂತಾಗ, ಯಾವಾಗಲೂ ಗೂಟದಿಂದ ತಂತಿ ಕಟ್ಟಿದ ಜಾಗಕ್ಕೆ ದೂರ ಒಂದೇ. ಪಕ್ಕದ ತಂತಿ ಬಿಗಿಯುವುದೂ ಇಲ್ಲ, ಸಡಿಲಾಗುವುದೂ ಇಲ್ಲ.

ಗೂಟ ಆ ಗೆರೆಯಿಂದ ಆಚೀಚೆ ಸರಿದರೆ ದೂರ ಬದಲಾಗುತ್ತಾ ಹೋಗುತ್ತದೆ. ನನ್ನ ಅಳತೆಯನ್ನೇ ಹಾಕಿ ನೋಡಿ. ತಂತಿ ಕಟ್ಟಿದ್ದು ಹಿಂಜಿನಿಂದ 10.5 ಮೀಟರ್ ಮೇಲೆ, ಗೂಟ 6 ಮೀಟರ್ ದೂರ, 40 ಸೆಂಟಿಮೀಟರ್ ತಗ್ಗು. ಕಂಬ ಮಲಗಿದ್ದಾಗ ತಂತಿಯ ದಾರಿ 12.10 ಮೀಟರ್. ನಿಂತಾಗ 12.44. ಅಂದರೆ 34 ಸೆಂಟಿಮೀಟರ್ ಹೆಚ್ಚು ತಂತಿ ಬೇಕು. ಬಲಗಡೆಯ ಎತ್ತರದ ಗೂಟಕ್ಕೆ ಇದೇ ಲೆಕ್ಕ ತಿರುಗುಮುರುಗು: ನಿಂತಾಗ 11.75, ಅಲ್ಲಿ 35 ಸೆಂಟಿಮೀಟರ್ ಸಡಿಲು. ಉಕ್ಕಿನ ಹಗ್ಗ 34 ಸೆಂಟಿಮೀಟರ್ ಹಿಗ್ಗುವುದಿಲ್ಲ. ಎಡ ತಂತಿ ಕಂಬವನ್ನು ತನ್ನ ಕಡೆ ಎಳೆಯಿತು, ಹಿಡಿದು ನಿಲ್ಲಿಸಬೇಕಾಗಿದ್ದ ಬಲ ತಂತಿ ಜೋತಾಡುತ್ತಿತ್ತು. ಎಲ್ಲ ಭಾರ ಬುಡದ ಹಿಂಜಿನ ಮೇಲೆ ಅಡ್ಡಡ್ಡ ಬಿತ್ತು, ಅದು ಅಡ್ಡ ಭಾರಕ್ಕೆ ಮಾಡಿದ್ದಲ್ಲ.

ಇನ್ನೊಂದು ವಿಷಯ ನನಗೆ ಆಮೇಲೆ ತಿಳಿದದ್ದು. ಈ 34 ಸೆಂಟಿಮೀಟರ್ ಸಮನಾಗಿ ಬರುವುದಿಲ್ಲ. ಕಂಬ 30 ಡಿಗ್ರಿ ಏಳುವಷ್ಟರಲ್ಲೇ ಅರ್ಧ, 17 ಸೆಂಟಿಮೀಟರ್, ಮುಗಿದಿರುತ್ತದೆ. 35 ಡಿಗ್ರಿಯ ಹೊತ್ತಿಗೆ ನಾನು ಬಿಟ್ಟಿದ್ದ 20 ಸೆಂಟಿಮೀಟರ್ ಪೂರಾ ಮುಗಿಯಿತು. ಆ ಕ್ಷಣದಲ್ಲಿ ಇಳಿಸಿದ್ದರೆ ಏನೂ ಆಗುತ್ತಿರಲಿಲ್ಲ. ಎಲ್ಲ ತಂತಿಗಳನ್ನೂ ಒಂದು ಮೊಳ ಸಡಿಲ ಬಿಟ್ಟರೆ ಆಯಿತಲ್ಲ ಎಂದು ಕೆಲವರು ಹೇಳುತ್ತಾರೆ. ಬೇಡ. ಆಗ ಏಳುವಾಗ ಕಂಬವನ್ನು ಪಕ್ಕಕ್ಕೆ ಹಿಡಿಯುವವರೇ ಇರುವುದಿಲ್ಲ. ಮುಂದೆ ಹಿಂದೆ ಸರಿದರೂ ಇದೇ ಪಾಡು: ಕಂಬ ಮಲಗುವ ಕಡೆಗೆ ಗೂಟ ಸರಿದಿದ್ದರೆ ತಂತಿ ಬಿಗಿಯುತ್ತದೆ, ಆಚೆ ಕಡೆಗೆ ಸರಿದಿದ್ದರೆ ಸಡಿಲಾಗುತ್ತದೆ.

ಬಿದ್ದ ಮೂರನೆಯ ದಿನ ಒಂದು ಹಲಗೆಯ ಮೇಲೆ ಸೈಕಲ್ಲಿನ ಕಡ್ಡಿ, ನಾಲ್ಕು ಮೊಳೆ, ಹೊಲಿಗೆಯ ದಾರ ಇಟ್ಟುಕೊಂಡು ಕೂತೆ. ಒಂದು ಮೊಳೆಯನ್ನು ತಗ್ಗಿಸಿ, ಒಂದನ್ನು ಎತ್ತರಿಸಿ ಕಡ್ಡಿ ಎತ್ತಿದೆ. ಐದು ನಿಮಿಷದಲ್ಲಿ ದಾರ ಬಿಗಿದು ಕಡ್ಡಿ ಪಕ್ಕಕ್ಕೆ ಮಲಗಿತು, ಥೇಟ್ ನಮ್ಮ ಕಂಬದ ಹಾಗೆ. ಅದನ್ನು ಮುಂಚೆಯೇ ಮಾಡಬಹುದಿತ್ತು. ಹಲಗೆಯನ್ನು ಕಾಲು ಸುತ್ತು ತಿರುಗಿಸಿ, ಕಡ್ಡಿಯನ್ನು ಇಳಿಜಾರಿನ ಉದ್ದಕ್ಕೆ ಮಲಗಿಸಿ ಎತ್ತಿದೆ. ಎರಡೂ ಪಕ್ಕದ ದಾರ ಅಲುಗಲೇ ಇಲ್ಲ. ಆಗ ನನಗೆ ಅಳು ಬಂತು. ನನ್ನ ನಾಲ್ಕು ಗೂಟಗಳಲ್ಲಿ ಒಂದನ್ನೂ ಕೀಳಬೇಕಾಗಿರಲಿಲ್ಲ. ಹಿಂಜಿನ ತಟ್ಟೆಯನ್ನು 90 ಡಿಗ್ರಿ ತಿರುಗಿಸಿ ಕೂರಿಸಿದ್ದರೆ ಸಾಕಾಗಿತ್ತು. ತಗ್ಗಿನ ಗೂಟ ಎಳೆಯುವ ಗೂಟ, ಎತ್ತರದ್ದು ಹಿಂದಿನ ಗೂಟ, ಉಳಿದೆರಡು ಒಂದೇ ಮಟ್ಟದ ಪಕ್ಕದ ಗೂಟಗಳು. ಮುಂದಿನ, ಹಿಂದಿನ ಗೂಟಗಳು ಎತ್ತರ ತಗ್ಗಾಗಿದ್ದರೆ ಏಳುವಾಗ ತೊಂದರೆಯಿಲ್ಲ; ಮುಂದಿನ ತಂತಿ ಎತ್ತುವ ಕೋಲಿನ (ಮಲಗಿದ ಕಂಬದ ಬುಡದಲ್ಲಿ ಅದಕ್ಕೆ ಲಂಬವಾಗಿ ನಿಲ್ಲಿಸುವ ಸಹಾಯಕ ಕಂಬ) ತುದಿಯಲ್ಲಿರುತ್ತದೆ, ಹಿಂದಿನದು ಕಂಬ ನಿಲ್ಲುವ ತನಕ ಸಡಿಲವೇ ಇರುತ್ತದೆ. ಕಂಬವನ್ನು ಏರಿನ ಕಡೆಗೆ ಮಲಗಿಸಿದರೆ ತುದಿ ಮೊದಲೇ ತುಸು ಮೇಲಿದ್ದು ಶುರುವಿನ ಎಳೆತವೂ ಕಡಿಮೆ. ಎಂಟು ತಿಂಗಳ ಮೇಲೆ ನಾವು ಎತ್ತಿದ್ದು ಹೀಗೆಯೇ, ಅದೇ ಗೂಟಗಳಿಗೆ. ಕಂಬ ಈಗಲೂ ನಿಂತಿದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ತಂತಿ ಇಲ್ಲದೆ ಸ್ವಂತ ಬಲದಿಂದ ನಿಲ್ಲುವ ಜಾಲರಿ ಗೋಪುರ ನೋಡಲು ಚೆಂದ, ಜಾಗವೂ ಉಳಿಯುತ್ತದೆ ಎಂದು ಬರೆದಿದ್ದೀರಿ. ನಾನಂತೂ ಬೇಡ ಎನ್ನುತ್ತೇನೆ. ನನ್ನ ಅಳತೆಯ ಚಕ್ರ 4.5 ಚದರ ಮೀಟರ್ ಗಾಳಿಗೆ ಒಡ್ಡಿಕೊಳ್ಳುತ್ತದೆ. ಸೆಕೆಂಡಿಗೆ 25 ಮೀಟರ್ ಗಾಳಿಯಲ್ಲಿ ಅದು ಮುಖ ತಿರುಗಿಸಿಕೊಳ್ಳದೆ ಎದುರು ನಿಂತರೆ ಸುಮಾರು 175 ಕಿಲೋ ತೂಕದಷ್ಟು ತಳ್ಳು ತುದಿಯಲ್ಲಿ ಬೀಳಬಹುದು. 12 ಮೀಟರ್ ತೋಳಿನ ಕೊನೆಯಲ್ಲಿ 175 ಕಿಲೋ ಅಂದರೆ ಬುಡ ಎಷ್ಟು ತಡೆಯಬೇಕು ಯೋಚಿಸಿ. ತಂತಿ ಇದ್ದರೆ ಆ ತಳ್ಳನ್ನು ತಂತಿಗಳು ನೆಲಕ್ಕೆ ಒಯ್ಯುತ್ತವೆ, ಪೈಪಿಗೆ ಉಳಿಯುವುದು ಹೆಚ್ಚಾಗಿ ಒತ್ತಿ ನಿಲ್ಲುವ ಕೆಲಸ. ತಂತಿ ಇಲ್ಲದಿದ್ದರೆ ಟನ್‌ಗಟ್ಟಲೆ ಕಾಂಕ್ರೀಟು, ಪ್ರತಿ ವೆಲ್ಡಿನ ಮೇಲೂ ನಂಬಿಕೆ, ಮೇಲಾಗಿ ರಿಪೇರಿಗೆ ಪ್ರತಿ ಸಲ ಹತ್ತಬೇಕು. ಮನೆಯಲ್ಲಿ ಮಾಡಿದ ಯಂತ್ರಕ್ಕೆ ರಿಪೇರಿ ಬಂದೇ ಬರುತ್ತದೆ. ಅದನ್ನು ನೆಲಕ್ಕೆ ಇಳಿಸಿಕೊಂಡು ಮಾಡುವಂತಿರಬೇಕು.

ಪೈಪು? ನಿಮ್ಮ ಚಕ್ರವೂ ಇದೇ ಗಾತ್ರದ್ದಾದರೆ ನನ್ನ ಮೂರಿಂಚಿನದೇ ಸಾಕು, ಎರಡು ಮಟ್ಟದಲ್ಲಿ ಸ್ಟೇ ಹಾಕಿ. ಮೇಲಿನ ಸ್ಟೇ ರೆಕ್ಕೆಯ ತುದಿ ತಿರುಗುವ ಜಾಗಕ್ಕಿಂತ ಸ್ವಲ್ಪ ಕೆಳಗೆ ಬರಲಿ. ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ.

12 ಮೀಟರ್ ಸಾಕೇ ಎಂದು ನೀವು ಕೇಳಿಲ್ಲ, ಕೇಳಬೇಕಿತ್ತು. ಸುತ್ತ 150 ಮೀಟರಿನೊಳಗಿನ ಅತಿ ಎತ್ತರದ ಮರ ಅಥವಾ ಕಟ್ಟಡಕ್ಕಿಂತ ರೆಕ್ಕೆಯ ಕೆಳತುದಿ 9 ಮೀಟರಾದರೂ ಮೇಲಿರಬೇಕು ಎಂಬುದು ಈ ಕೆಲಸ ಮಾಡಿದವರ ಹಳೆಯ ಅಳತೆ. ಆರು ಮೀಟರಿನ ಮರವಿದ್ದರೂ 12 ಸಾಲದು. ಗಾಳಿಯ ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟಾಗುತ್ತದೆ. ಬಯಲಿನಲ್ಲಿ 10 ಮೀಟರಿನಿಂದ 20ಕ್ಕೆ ಏರಿದರೆ ವೇಗ ಸುಮಾರು ನೂರಕ್ಕೆ ಹತ್ತು ಹೆಚ್ಚಿ, ಸಿಕ್ಕುವ ಶಕ್ತಿ ಮೂರರಲ್ಲೊಂದು ಪಾಲು ಹೆಚ್ಚುತ್ತದೆ. ಮರದ ಹಿಂದಿನ ಸುಳಿಗಾಳಿಯಲ್ಲಿ ಅದೂ ಇಲ್ಲ, ಯಂತ್ರ ಅತ್ತಿತ್ತ ಹೊಯ್ದಾಡಿ ಬೇರಿಂಗು ತಿನ್ನುತ್ತದೆ. ಮನೆಯ ಮಾಡಿನ ಮೇಲೆ ಕೂರಿಸುವ ಯೋಚನೆ ಇದ್ದರೆ ಈಗಲೇ ಬಿಡಿ: ಸುಳಿಗಾಳಿಯೂ ಅಲ್ಲೇ, ರಾತ್ರಿಯಿಡೀ ಗೋಡೆಯಲ್ಲಿ ಗುಂಯ್ ಸದ್ದೂ ಅಲ್ಲೇ.

ಎತ್ತುವ ಕೋಲು, ಜಿನ್ ಪೋಲ್ ಎನ್ನುತ್ತಾರೆ, ಅದನ್ನು ಗಿಡ್ಡ ಮಾಡಬೇಡಿ. ಎಳೆತ ಅತಿ ಹೆಚ್ಚು ಇರುವುದು ಕಂಬ ನೆಲ ಬಿಡುವಾಗ. ನನ್ನ ತೂಕಕ್ಕೆ ಆರು ಮೀಟರಿನ ಕೋಲಿದ್ದರೆ ಸುಮಾರು 300 ಕಿಲೋ ಎಳೆತ, ಮೂರು ಮೀಟರಿನದಾದರೆ 480. ಕೈ ವಿಂಚಿನಿಂದಲೇ ಎಳೆಯಿರಿ. ಟ್ರ್ಯಾಕ್ಟರಿಗೆ ಕಟ್ಟಿ ಎಳೆಯುವವರನ್ನು ನೋಡಿದ್ದೇನೆ. ಪಕ್ಕದ ತಂತಿ ಬಿಗಿದರೆ ಕೈಗೆ ತಿಳಿಯುತ್ತದೆ, ಇಂಜಿನ್ನಿಗೆ ತಿಳಿಯುವುದಿಲ್ಲ. ಕಂಬ ನೆಟ್ಟಗಾಗುವ ಹೊತ್ತಿಗೆ ಭಾರ ಈಚೆ ಕಡೆ ದಾಟಿ ವಿಂಚಿನ ಮೇಲೇ ಬರುವ ಸಂಭವ ಇದೆ, ಹಿಂದಿನ ತಂತಿ ಮೊದಲೇ ಅಳತೆ ಮಾಡಿ ಗೂಟಕ್ಕೆ ಕಟ್ಟಿರಲಿ. ಹಗ್ಗದ ತುದಿಗೆ ಯು ಕ್ಲಾಂಪ್ ಹಾಕುವಾಗ ಅದರ ತಡಿ, ಅಂದರೆ ಹಗ್ಗ ಕೂರುವ ಗಟ್ಟಿ ತುಂಡು, ಭಾರ ಹೊರುವ ಎಳೆಯ ಮೇಲೆ, ಬಾಗಿದ ಬೋಲ್ಟು ಮಡಚಿ ಬಂದ ತುಂಡಿನ ಮೇಲೆ ಕೂರಬೇಕು. ತಿರುವುಮುರುವಾದರೆ ಬೋಲ್ಟು ಒಳ್ಳೆಯ ಎಳೆಯನ್ನೇ ಹಿಸುಕುತ್ತದೆ. ಟರ್ನ್‌ಬಕಲ್‌ಗಳಿಗೆ (ಸ್ಟೇ ಬಿಗಿಸುವ ತಿರುಪುಗಳು) ಸಣ್ಣ ತಂತಿ ಪೋಣಿಸಿ ಬಿಗಿಯಿರಿ, ಇಲ್ಲದಿದ್ದರೆ ನಡುಕಕ್ಕೆ ತಾವಾಗಿ ಬಿಚ್ಚಿಕೊಳ್ಳುತ್ತವೆ. ಬುಡಕ್ಕೂ ನಾಲ್ಕು ಗೂಟಕ್ಕೂ ಅರ್ಥಿಂಗ್ ಕೊಡಿ.

ಮೊದಲ ಸಲ ಯಂತ್ರ ಕೂರಿಸದೆ ಬರಿಯ ಕಂಬ ಎತ್ತಿ, ಇಳಿಸಿ. ನಾನು ಮೊದಲ ದಿನವೇ ಯಂತ್ರ ಸಮೇತ ಎತ್ತಿದ್ದರಿಂದ ರೆಕ್ಕೆಗಳೂ ಹೋದವು, ಮೂರು ತಿಂಗಳು ಕೈಯಲ್ಲಿ ಕೆತ್ತಿದ ರೆಕ್ಕೆಗಳು. ಸೊಂಟದೆತ್ತರಕ್ಕೆ ಬಂದಾಗ ನಿಲ್ಲಿಸಿ ಪಕ್ಕದ ಎರಡೂ ತಂತಿ ಮುಟ್ಟಿ ನೋಡಿ. ಆಮೇಲೆ ಯಾರೂ ಹತ್ತಿರ ಹೋಗದೆ, ಕಂಬ ಬೀಳುವ ದೂರದ ಆಚೆಯಿಂದಲೇ ನೋಡುತ್ತಿರಿ. ಒಂದು ಬಿಗಿಯುತ್ತಿದೆ, ಇನ್ನೊಂದು ಸಡಿಲಾಗುತ್ತಿದೆ ಅನ್ನಿಸಿದರೆ ಅಲ್ಲಿಂದಲೇ ಇಳಿಸಿ. ಕಂಬ ಗಾಳಿಯಲ್ಲಿದ್ದಾಗ ಕ್ಲಾಂಪ್ ಬಿಚ್ಚಲು ಮಾತ್ರ ಹೋಗಬೇಡಿ.

ಪೈಪು ತರುವ ಮೊದಲು ಒಂದು ಸಂಜೆ ಈ ಕೆಲಸ ಮಾಡಿ. ಗಾರೆಯವರು ಬಳಸುವ ನೀರು ತುಂಬಿದ ಲೆವೆಲ್ ಟ್ಯೂಬು ಹಿಡಿದು, ಹಿಂಜು ಬರುವ ಜಾಗದ ಸುತ್ತ ನಾಲ್ಕು ದಿಕ್ಕಿನಲ್ಲೂ ಗೂಟದ ದೂರಕ್ಕೆ ನೆಲದ ಮಟ್ಟ ಅಳೆಯಿರಿ. ಯಾವ ಎದುರುಬದುರು ಜೋಡಿ ಒಂದೇ ಮಟ್ಟದಲ್ಲಿದೆಯೋ ಅದು ಪಕ್ಕದ ಗೂಟಗಳಿಗೆ. ಯಾವ ಜೋಡಿಯೂ ಸರಿಬರದಿದ್ದರೆ ತಗ್ಗಿನ ಕಡೆ ಕಬ್ಬಿಣ ಕಟ್ಟಿದ ಕಾಂಕ್ರೀಟು ಕಂಬ ಎಬ್ಬಿಸಿ ಬಳೆಯನ್ನು ಮೇಲಕ್ಕೆ ತನ್ನಿ. ಕೊನೆಗೆ ಎಡ ಬಳೆಯಿಂದ ಬಲ ಬಳೆಗೆ ಒಂದು ದಾರ ಬಿಗಿಯಾಗಿ ಎಳೆದರೆ ಅದು ಹಿಂಜಿನ ಪಿನ್ನಿನ ನಟ್ಟನಡುವೆ ಹಾದುಹೋಗಬೇಕು. ನಾಲ್ಕು ಅಳತೆಗಳನ್ನೂ ಇಲ್ಲೇ ಬರೆಯಿರಿ, ತಂತಿಯ ಲೆಕ್ಕ ಹಾಕಿ ಹೇಳುತ್ತೇನೆ. ಅಲ್ಲಿಯವರೆಗೆ ಪೈಪು ಕತ್ತರಿಸಬೇಡಿ.