ಅಪ್ಪ ಐಸಿಯುನಿಂದ ಬಂದರೂ ಅವ್ವಗ ನಿದ್ದೆ ಇಲ್ಲ: ಪ್ರತಿಕ್ರಿಯೆ
ಅಪ್ಪ ಐಸಿಯುನಿಂದ ಮನೆಗೆ ಬಂದರೂ ಅವ್ವನಿಗೆ ನಿದ್ದೆ ಬರುತ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ಇದು ಬಹುಮಟ್ಟಿಗೆ ಐಸಿಯು ಆಘಾತವೇ. ಒಳಗೆ ಮಲಗಿದವರಿಗಷ್ಟೇ ಅಲ್ಲ, ಹೊರಗೆ ಕಾದವರಿಗೂ ಬರುತ್ತದೆ. ಅಪ್ಪ ಸಿಂಧನೂರಿನ ಮನೆಗೆ ಬಂದು ಆರು ವಾರವಾದರೂ ಅವ್ವ ರಾತ್ರಿಯೆಲ್ಲ ಅವರ ಮೂಗಿನ ಹತ್ತಿರ ಕೈಯಿಟ್ಟು ಉಸಿರು ನೋಡುತ್ತಾರೆ, ಇನ್ವರ್ಟರ್ ಬೀಪ್ ಅಂದರೆ ಬೆಚ್ಚಿ ಏಳುತ್ತಾರೆ ಅಂದಿರಲ್ಲ, ಅದು ಐಸಿಯು ಮಾನಿಟರ್ ಸದ್ದಿನ ನೆನಪು. ಆದರೆ ಥೈರಾಯ್ಡ್ ಹೆಚ್ಚಾದರೂ ಹೀಗೇ ಚಡಪಡಿಕೆ ಆಗುತ್ತದೆ, ಅವ್ವನಿಗೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ.

ಮೊದಲು ರಾತ್ರಿ ಪಾಳಿ ಹಂಚಿಕೊಳ್ಳಿ. ರಾತ್ರಿ ಎರಡು ಗಂಟೆವರೆಗೆ ನೀವು ಅಪ್ಪನ ಹತ್ತಿರ ಇರಿ, ಅವ್ವ ಬೇರೆ ಕೋಣೆಯಲ್ಲಿ ಮಲಗಲಿ. ಅಪ್ಪನ ಬೆರಳಿಗೆ ಆಕ್ಸಿಮೀಟರ್ (ರಕ್ತದ ಆಮ್ಲಜನಕ ತೋರಿಸುವ ಸಾಧನ) ದಿನಕ್ಕೆ ಎಷ್ಟು ಸಲ ಹಚ್ಚಬೇಕು, ಎಷ್ಟಕ್ಕಿಂತ ಕಡಿಮೆಯಾದರೆ ಆಸ್ಪತ್ರೆಗೆ ಬರಬೇಕು ಅಂತ ಡಾಕ್ಟರ್ ಕಡೆಯಿಂದ ಬರೆಸಿಕೊಳ್ಳಿ. ಉಳಿದ ಹೊತ್ತು ಆಕ್ಸಿಮೀಟರ್ ಅವ್ವನ ಕೈಗೆ ಸಿಗದೆ ನಿಮ್ಮ ಹತ್ತಿರವೇ ಇರಲಿ. ಪದೇಪದೇ ನೋಡಿದರೆ ಗಳಿಗೆ ಸಮಾಧಾನ, ಆಮೇಲೆ ಭಯ ಇನ್ನಷ್ಟು ಗಟ್ಟಿ. "ಎಲ್ಲಾ ಮುಗೀತಲ್ಲ, ಇನ್ಯಾಕ ಚಿಂತಿ" ಅನ್ನಬೇಡಿ. ಅವ್ವನೇ ಐಸಿಯು ಮಾತು ತೆಗೆದರೆ ಹೇಳಲು ಬಿಡಿ, ಕೆದಕಬೇಡಿ.

ಮೆಡಿಕಲ್ ಶಾಪಿನ ನಿದ್ದೆ ಗುಳಿಗೆ ಬೇಡವೇ ಬೇಡ. ಅದರಿಂದ ವಯಸ್ಸಾದವರು ರಾತ್ರಿ ಎದ್ದಾಗ ತೂರಾಡಿ ಬೀಳಬಹುದು.

ತಿಂಗಳು ದಾಟಿದೆ, ಇನ್ನು ಕಾಯಬೇಡಿ. ಅವ್ವನನ್ನು ರಾಯಚೂರಿನ ರಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು) ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದುಕೊಂಡು ಹೋಗಿ. ಅಪ್ಪನ ಡಿಸ್ಚಾರ್ಜ್ ಚೀಟಿ, ಅವ್ವನ ಬಿಪಿ-ಶುಗರ್ ಮಾತ್ರೆಗಳು ಜೊತೆಗಿರಲಿ. ಹೊರಡುವುದು ತಡವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡಬಹುದು.

ಅವ್ವ "ಬದುಕಿ ಏನ್ ಮಾಡ್ಲಿ" ಅನ್ನತೊಡಗಿದರೆ ಒಬ್ಬರನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.