ಗೊಂಬೆಗೆ ಉಣಿಸದ ಮಗು

ಪ್ರಶ್ನೆ: ಮಗನಿಗೆ ಎರಡು ವರ್ಷ ನಾಲ್ಕು ತಿಂಗಳು. ಕಾರುಗಳನ್ನು ಸಾಲಾಗಿ ಜೋಡಿಸುತ್ತಾ ಕೂರುತ್ತಾನೆ. ಗೊಂಬೆಗೆ ಊಟ ಮಾಡಿಸುವುದನ್ನು ಕಲಿಸಲು ಹೋದರೆ ಎಸೆಯುತ್ತಾನೆ. ಆಟಿಸಂ ಇರಬಹುದೇ?

ಉತ್ತರ: ಇದೊಂದೇ ಲಕ್ಷಣ ಹಿಡಿದು ಹಾಗೆ ಹೇಳಲಾಗದು. ಆದರೆ ‘ಗಂಡುಮಕ್ಕಳು ಸ್ವಲ್ಪ ನಿಧಾನ’ ಎಂದು ಕಾಯುವ ವಯಸ್ಸೂ ಇದಲ್ಲ. ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದೊಳಗೆ ಮಗು ಖಾಲಿ ಲೋಟ ಎತ್ತಿ ಕುಡಿದಂತೆ ಮಾಡುತ್ತದೆ. ಎರಡರ ಸುಮಾರಿಗೆ ಅದೇ ಲೋಟ ಗೊಂಬೆಯ ಬಾಯಿಗೂ ಹೋಗುತ್ತದೆ, ಆಮೇಲೆ ಮರದ ತುಂಡು ಫೋನ್ ಆಗುತ್ತದೆ. ಜೊತೆಗೆ ಗಮನಿಸಿ: ಹೆಸರು ಕರೆದರೆ ತಿರುಗುತ್ತಾನೆಯೇ? ‘ಬೇಕು’ ಎನ್ನುವುದಕ್ಕಷ್ಟೇ ಅಲ್ಲದೆ, ‘ಅಲ್ನೋಡು’ ಎನ್ನುವುದಕ್ಕೂ ಬೆರಳು ತೋರಿಸುತ್ತಾನೆಯೇ? ಆಟಿಸಂ ಸಾಧ್ಯತೆಯನ್ನು ಬೇಗ ಗುರುತಿಸಲು ಎಂ-ಚಾಟ್-ಆರ್ ಎಂಬ 20 ಪ್ರಶ್ನೆಗಳ ಪಟ್ಟಿ 16ರಿಂದ 30 ತಿಂಗಳ ಮಕ್ಕಳಿಗೆಂದೇ ಇದೆ. ಕುಡಿದಂತೆ, ಉಣಿಸಿದಂತೆ ಮಾಡುವ ಇಂಥ ನಟನೆಯ ಆಟದ ಪ್ರಶ್ನೆಯೂ ಅದರಲ್ಲಿದೆ. ಮಕ್ಕಳ ವೈದ್ಯರ ಬಳಿ ಈಗಲೇ ತುಂಬಿಸಿ. 3ರಿಂದ 7 ಅಂಕ ಬಂದರೆ ಇನ್ನಷ್ಟು ವಿವರ ಕೇಳುತ್ತಾರೆ. 8 ಅಥವಾ ಹೆಚ್ಚಾದರೆ ನೇರ ತಜ್ಞರಲ್ಲಿಗೆ. ಅಂಕ ಹೆಚ್ಚಾದ ಮಾತ್ರಕ್ಕೆ ಆಟಿಸಂ ಎಂದಲ್ಲ. ಕಿವಿ ಪರೀಕ್ಷೆಯನ್ನೂ ಮಾಡಿಸಿ.

ಇನ್ನು ಎಸೆಯುವ ವಿಷಯ. ಅವನ ಆಟ ನಿಲ್ಲಿಸಿ ನಿಮ್ಮದನ್ನು ತಂದಿರಿ, ಅದೂ ಅವನಿಗೆ ಇನ್ನೂ ಎಟುಕದ್ದು. ಟಿವಿ ಆರಿಸಿ, ನೆಲದ ಮೇಲೆ ಅವನೆದುರು ಕೂರಿ. ನಿಮ್ಮ ಪಾಲಿಗೆ ಬೇರೆ ನಾಲ್ಕೈದು ಕಾರು ಇರಲಿ. ಅವನ ಸಾಲು ಮುಟ್ಟಬೇಡಿ. ಅವನು ಮಾಡಿದ್ದನ್ನೇ ನೀವೂ ಮಾಡಿ. ನಿಮ್ಮತ್ತ ಕಣ್ಣು ಹಾಯಿಸತೊಡಗಿದಾಗ ನಿಮ್ಮದೊಂದು ಕಾರನ್ನು ಪೆಟ್ಟಿಗೆಯ ಮೇಲಿಂದ ಜಾರಿಸಿ, ‘ಡುಮ್, ಬಿತ್ತು’ ಎನ್ನಿ. ಆಮೇಲೆ ಐದರಿಂದ ಹತ್ತು ಸೆಕೆಂಡು ಬಾಯಿ ಬಿಡಬೇಡಿ (ದೊಡ್ಡವರಿಗೆ ಇದೇ ಕಷ್ಟ). ಅವನು ಅನುಕರಿಸದಿದ್ದರೆ ಮತ್ತೆ ಸಾಲು ಜೋಡಿಸಿ. ಒಂದು ಸಲಕ್ಕೆ ಐದು-ಹತ್ತು ನಿಮಿಷ ಸಾಕು, ದಿನಕ್ಕೆ ಎರಡು ಮೂರು ಸಲ. ಇದು ಹಿಡಿಸಿದ ಮೇಲೆ ಖಾಲಿ ಲೋಟ, ನಿಜವಾದ ಚಮಚ: ಮೊದಲು ನೀವು ಕುಡಿದಂತೆ ಮಾಡಿ, ಆಮೇಲೆ ಅವನ ಸರದಿ, ಕೊನೆಗೆ ಗೊಂಬೆ. ಕೈ ಹಿಡಿದು ಮಾಡಿಸಿದರೆ ಕೈ ಆಡುತ್ತದೆ, ಮಗು ಆಡುವುದಿಲ್ಲ. ‘ಇದ್ಯಾವ ಬಣ್ಣ?’ ಎಂದು ಕೇಳತೊಡಗಿದರೂ ಆಟ ಅಲ್ಲಿಗೇ ಮುಗಿಯಿತು.

ಪ್ರಶ್ನೆ: ಆಟಿಸಂ ಇರುವ ನಾಲ್ಕು ವರ್ಷದ ಮಗಳು ಗೊಂಬೆಗೆ ಸ್ನಾನ, ಊಟ, ನಿದ್ದೆ ಎಲ್ಲ ದಿನವೂ ಒಂದೇ ಕ್ರಮದಲ್ಲಿ, ಅದೇ ಮಾತುಗಳಲ್ಲಿ ಮಾಡಿಸುತ್ತಾಳೆ. ಇದು ನಟನೆಯ ಆಟವೇ?

ಉತ್ತರ: ವಿಡಿಯೋದಲ್ಲೋ ಥೆರಪಿಯಲ್ಲೋ ಕಂಡದ್ದನ್ನು ಒಪ್ಪಿಸುತ್ತಿರಬಹುದು. ಒಂದೇ ಒಂದು ಬದಲಾವಣೆ ಮಾಡಿ ನೋಡಿ. ಸ್ನಾನದ ಹೊತ್ತಿಗೆ ಗೊಂಬೆ ‘ಅಯ್ಯೋ ಬಿಸಿ’ ಎಂದು ಕಾಲೆಳೆದುಕೊಳ್ಳಲಿ. ಅವಳು ಊದಿದರೆ, ತಣ್ಣೀರು ಬೆರೆಸಿದಂತೆ ಮಾಡಿದರೆ ಕಲ್ಪನೆ ಕೆಲಸ ಮಾಡುತ್ತಿದೆ. ಆಟಿಸಂ ಇರುವ ಎಷ್ಟೋ ಮಕ್ಕಳು ತಾವಾಗಿ ಶುರುಮಾಡದಿದ್ದರೂ ಹೀಗೆ ಸುಳಿವು ಕೊಟ್ಟರೆ ನಟಿಸುತ್ತಾರೆ. ಅವರಿಗೆ ಕಲ್ಪನೆಯೇ ಇಲ್ಲವೆಂಬ ಮಾತು ಸರಿಯಲ್ಲ. ಬದಲಾವಣೆಗೆ ಅವಳು ಅತ್ತು, ಎಲ್ಲವನ್ನೂ ಮೊದಲಿಂದ ಶುರುಮಾಡಿದರೆ ಆ ಕ್ರಮ ಅವಳಿಗೆ ನೆಮ್ಮದಿ ಕೊಡುತ್ತಿದೆ ಎಂದು ತಿಳಿಯಿರಿ. ಅದನ್ನು ಮುರಿಯಬೇಡಿ, ಕೊನೆಗೆ ಹೊಸದೊಂದನ್ನು ಸೇರಿಸಿ: ಮಲಗಿಸಿದ ಗೊಂಬೆ ‘ಆಕ್ಷಿ’ ಎಂದು ಸೀನಲಿ.